ಹೆರಿಗೆ ವಾರ್ಡಿಗೆ ಬಂದ ಹಸುವಿನ ಅಜ್ಜಿ

ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್ ಆಗಿದ್ದೀನಿ. ಮೈಸೂರಿನಲ್ಲಿ ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ಬಂದು, ಸಿಸ್ಟರ್, ಗುರುತು ಸಿಕ್ತಾ, ಇವನು ನಿಮ್ಮ ಕೈಯಲ್ಲೇ ಹುಟ್ಟಿದ್ದು ಅಂತಾರೆ. ನೋಡಿದರೆ ಅವನಿಗೆ ಮೀಸೆ ಬಂದಿರುತ್ತೆ, ಗುರುತು ಎಲ್ಲಿಂದ ಸಿಗಬೇಕು. ನಮ್ಮ ವಾರ್ಡಿನಲ್ಲಿ ಮಕ್ಕಳದೇನೂ ತಕರಾರಿಲ್ಲ, ಅತ್ತರೆ ಅದಕ್ಕೊಂದು ಕಾರಣ ಇರುತ್ತೆ. ಎಡವಟ್ಟೆಲ್ಲ ಜೊತೆಗೆ ಬರುವ ದೊಡ್ಡವರದು, ಅದೂ ವಾರಕ್ಕೆ ನಾಲ್ಕು. ಆದರೆ ಐದೇ ದಿನದಲ್ಲಿ ಒಂದು ವರ್ಷಕ್ಕಾಗುವಷ್ಟು ನಗಿಸಿ ಹೋದವರು ಅಂದರೆ ಕಡಕೊಳದ ಕಡೆಯ ಒಬ್ಬ ಅಜ್ಜಿ.

ಅಜ್ಜಿ ಮನೇಲಿ ನಾಲ್ಕು ಹಸು. ಸೊಸೆಗೆ ಚೊಚ್ಚಲು, ಸಿಸೇರಿಯನ್, ಹೆಣ್ಣುಮಗು. ಆ ಹುಡುಗಿಗೆ ತಾಯಿ ಇಲ್ಲ, ಹಾಗಾಗಿ ಬಾಣಂತನ ಪೂರ್ತಿ ಅತ್ತೆಯ ಕೈಗೆ ಬಂದಿತ್ತು.

ಗಿಣ್ಣು

ಮೊದಲ ದಿನ ಹೋಗಿ ನೋಡ್ತೀನಿ, ಸೊಸೆಯ ಎದೆಯಲ್ಲಿ ಬಂದ ಮೊದಲ ಹಾಲನ್ನ ಅಜ್ಜಿ ಹತ್ತಿಯಲ್ಲಿ ಒರೆಸಿ ಒರೆಸಿ ಎಸೀತಾ ಇದ್ದಾರೆ. ಪಕ್ಕದಲ್ಲಿ ಒಂದು ಲೋಟ ಸಕ್ಕರೆ ನೀರು ರೆಡಿ. ಕೇಳಿದರೆ, ಇದು ಹಳದಿಗೆ ಅಂಟಂಟಾಗಿದೆ, ಕೆಟ್ಟ ಹಾಲು, ಮೂರು ದಿನ ಕಳೆದು ಬೆಳ್ಳಗಾದ ಮೇಲೆ ಕುಡಿಸೋದು ಅಂದರು.

ನನಗೆ ರೇಗಿಹೋಯ್ತು. ಮಗುವಿಗೆ ಅದೇ ಮೊದಲ ಲಸಿಕೆ, ಅದರಲ್ಲಿರೋ ರೋಗ ತಡೆಯೋ ಶಕ್ತಿ ಯಾವ ಅಂಗಡೀಲೂ ಸಿಗಲ್ಲ, ಆರು ತಿಂಗಳು ತಾಯಿ ಹಾಲು ಬಿಟ್ಟು ಒಂದು ತೊಟ್ಟು ನೀರೂ ಬೇಡ ಅಂತ ಗೋಡೆ ಮೇಲಿನ ಚಿತ್ರ ತೋರಿಸಿ ಭಾಷಣ ಬಿಗಿದೆ. ಅಜ್ಜಿ ಆಕಳಿಸಿದರು. ಆಮೇಲೆ ನನಗೆ ಹಸು ನೆನಪಾಯ್ತು. ಹಸು ಕರು ಹಾಕಿದಾಗ ಗಿಣ್ಣು ಹಾಲು ಚೆಲ್ಲಿಬಿಡ್ತೀರಾ ಅಂತ ಕೇಳಿದೆ.

"ಚೆಲ್ಲಾರಾ? ನಿಮಗೇನು ತಲೆ ಕೆಟ್ಟದಾ? ಮೊದ್ಲು ಕರು ಕುಡೀಬೇಕು ಕಣವ್ವ. ಗಿಣ್ಣು ಕುಡೀದಿದ್ರೆ ಕರು ಎದ್ದು ನಿಲ್ಲಾಕಿಲ್ಲ."

ಹೇಳಿದವರೇ ಕೈಯಲ್ಲಿದ್ದ ಹತ್ತಿ ನೋಡಿದರು. ಸೊಸೆಯನ್ನ ನೋಡಿದರು. ಹತ್ತಿಯನ್ನ ಮೆಲ್ಲಗೆ ಸೆರಗಿನಲ್ಲಿ ಬಚ್ಚಿಟ್ಟರು. ಸಕ್ಕರೆ ನೀರನ್ನ ತಾವೇ ಗಟಗಟ ಕುಡಿದು ಲೋಟ ಕೆಳಗಿಟ್ಟು, ಮಗುವನ್ನ ಎತ್ತಿ ಸೊಸೆಯ ಎದೆಗೆ ಹಿಡಿದರು. ಮಗು ಬಾಯಿ ಹಾಕಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದರು: "ಇದಕ್ಕೆ ಬೆಲ್ಲ, ಏಲಕ್ಕಿ ಏನೂ ಬ್ಯಾಡ್ವಾ?"

ಗೋಲಿ

ಎರಡನೇ ದಿನ ಹೊಸ ದೂರು. ನಮ್ಮ ಹಸು ಒಂದು ಹೊತ್ತಿಗೆ ಎಂಟು ಲೀಟರ್ ಕೊಡ್ತದೆ, ಇವಳದು ಒಂದು ಚಮಚ ಇಲ್ಲ ಅಂತ. ಹುಟ್ಟಿದ ಮಗುವಿನ ಹೊಟ್ಟೆ ಒಂದು ಗೋಲಿಯಷ್ಟಿರುತ್ತೆ ಅಜ್ಜಿ, ಅದಕ್ಕೆ ಚಮಚವೇ ಸಾಕು, ಆದರೆ ಮೇಲಿಂದ ಮೇಲೆ ಕುಡಿಸ್ತಾ ಇರಬೇಕು, ಮಗು ಎಷ್ಟು ಚೀಪುತ್ತೋ ಅಷ್ಟು ಹಾಲು ಬರುತ್ತೆ ಅಂತ ಹೇಳಿದೆ.

ಗೋಲಿ ಅಂದದ್ದೇ ತಪ್ಪಾಯ್ತು. ಮಗನಿಗೆ ಹೇಳಿ ನಿಜವಾದ ಗೋಲಿಯನ್ನೇ ತರಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. ಮಗು ನೋಡೋಕೆ ಬಂದವರಿಗೆಲ್ಲ ಗಂಟು ಬಿಚ್ಚಿ, "ನೋಡು, ಇದೇಯ ಮಗಿನ ಹೊಟ್ಟೆ" ಅಂತ ತೋರಿಸೋದು. ಎದುರು ಬೆಡ್ಡಿನ ಮುದುಕಿಗೆ ಕಣ್ಣು ಮಂಜು. ಗೋಲಿಯನ್ನ ಹಿಡಿದು ತಿರುಗಿಸಿ ನೋಡಿ ಗಾಬರಿಯಿಂದ ಕೇಳಿದಳು: "ಅಯ್ಯೋ, ಆಪರೇಷನ್ ಮಾಡಿ ಹೊರಗೇ ತೆಗೆದುಬುಟ್ರಾ?"

ಬಕೆಟ್

ಮೂರನೇ ದಿನ ಮಗುವಿನ ತೂಕ ಸ್ವಲ್ಪ ಇಳಿದಿತ್ತು. ಮೊದಮೊದಲು ಅಷ್ಟು ಇಳಿಯೋದು ಸಹಜ, ಆಮೇಲೆ ಏರುತ್ತೆ. ಹಾಗಂತ ಹೇಳೋದರೊಳಗೆ ಇಲ್ಲೇ ವಿಜಯನಗರದಿಂದ ಅಜ್ಜಿಯ ಮಗಳು ಹಾಲಿನ ಪುಡಿ ಡಬ್ಬ ಹಿಡಿದು ಬಂದಿದ್ದಳು. ಇವಳಿಗೆ ಹಾಲಿಲ್ಲ, ಸುಮ್ನೆ ಮಗೂನ ಯಾಕೆ ಒಣಗಿಸ್ತೀರಾ ಅಂತ ಡಬ್ಬವನ್ನ ಕಿಟಕಿ ಮೇಲೆ ಕುಕ್ಕಿದಳು. ಸೊಸೆ ಆ ಡಬ್ಬ ನೋಡಿ ನೋಡಿ ಅತ್ತಳು. ನನ್ನ ಕೈ ಹಿಡಿದು, "ಸಿಸ್ಟರ್, ನನ್ನಲ್ಲಿ ನಿಜವಾಗ್ಲೂ ಹಾಲಿಲ್ವಾ?" ಅಂದಳು. ಐದನೇ ದಿನ ಬೆಳಗ್ಗೆ ತೂಕ ಏರದಿದ್ದರೆ ಡಬ್ಬ ತೆರೆಯೋದು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದರು.

ನೋಡಿದರೆ ಹುಡುಗಿಯ ತುಟಿ ಒಣಗಿ ಬಿರಿದಿದೆ. ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತ ಅಂತ ಅಜ್ಜಿ ದಿನಕ್ಕೆ ಅರ್ಧ ಲೋಟ ಅಳೆದು ಕೊಡ್ತಿದ್ದರಂತೆ. ನನಗೀಗ ದಾರಿ ಗೊತ್ತಾಗಿತ್ತಲ್ಲ. ಕರೆಯೋ ಹಸುಗೆ ಎಷ್ಟು ನೀರಿಡ್ತೀರಾ ಅಂತ ಕೇಳಿದೆ. ಅಜ್ಜಿ ಎದ್ದು ಹೋದರು. ಬಂದಾಗ ಕೈಯಲ್ಲಿ ಒಂದು ಬಕೆಟ್ ಬಿಸಿನೀರು. "ಕುಡಿ," ಅಂತ ಸೊಸೆ ಮುಂದೆ ಇಟ್ಟು, ನಾಳೆ ಊರಿಂದ ಹಿಂಡಿನೂ ತರಿಸ್ಲಾ ಅಂತ ನನ್ನನ್ನ ಕೇಳಿದರು. ಬಾಯಾರಿದಷ್ಟು ಕುಡಿದರೆ ಸಾಕು ಅಂತ ನಾನು ಬಕೆಟ್ ಎತ್ತಿಟ್ಟೆ.

ಮೂರು ದಿನ ಅತ್ತೆಯ ಎದುರು ತುಟಿ ಪಿಟಕ್ಕೆನ್ನದ ಸೊಸೆ ಅವತ್ತು ಬಾಯಿ ಬಿಟ್ಟಳು: "ಅತ್ತೆ, ನಾನು ಹಸು ಅಲ್ಲ."

ಅಜ್ಜಿ ನಿಟ್ಟುಸಿರು ಬಿಟ್ಟರು. "ಗೊತ್ತು ಕಣವ್ವ. ಅದು ಹೇಳಿದ ಮಾತು ಕೇಳ್ತದೆ."

ತೊರೆ

ನಾಲ್ಕನೇ ದಿನ ಬೆಳಗ್ಗೆ ಬೆಡ್ಡಿನ ಸುತ್ತ ಎಂಟು ಜನ. ಒಬ್ಬರು ಬೆಳ್ಳುಳ್ಳಿ ತಿನ್ನು ಅಂದರೆ, ಇನ್ನೊಬ್ಬರು ಸಬ್ಬಸಿಗೆ ಸೊಪ್ಪು ತಿನ್ನು ಅನ್ನೋರು. ವಿಜಯನಗರದಾಕೆ ಡಬ್ಬದ ಹಿಂದೆ ಬರೆದದ್ದನ್ನ ಗಟ್ಟಿಯಾಗಿ ಓದ್ತಾ ಇದ್ದಳು. ಹುಡುಗಿಗೆ ಎದೆ ಬಿಗಿದು ಕಲ್ಲಾಗಿದೆ, ಹಾಲು ತುಂಬಿದೆ, ಇಳೀತಾ ಇಲ್ಲ. ಮಗು ಕಿರುಚ್ತಿದೆ, ತಾಯಿಯೂ ಅಳ್ತಿದ್ದಾಳೆ. ತಾಯಿ ಮನಸ್ಸು ನಿರಾಳ ಆಗದೆ ಹಾಲು ಇಳಿಯಲ್ಲ ಅಂತ ನಾನು ಹೇಳಿದ್ದಷ್ಟೇ.

ಅಜ್ಜಿ ದಡಕ್ಕನೆ ಎದ್ದರು. "ಇಷ್ಟು ಜನ ನಿಂತ್ರೆ ಯಾವ ಹಸು ತೊರೆ ಬುಟ್ಟು ಹಾಲು ಇಳಿಸ್ತದೆ? ನಡೀರಿ ಎಲ್ಲ ಆಚೆಗೆ." ಮಗಳನ್ನ, ಮಗನನ್ನ, ಬೆಳ್ಳುಳ್ಳಿಯವರನ್ನ, ಸಬ್ಬಸಿಗೆಯವರನ್ನ ಎಲ್ಲ ಹೊರಗೆ ದಬ್ಬಿದರು. ಪರದೆ ಎಳೆದು, ಸೊಸೆ ಬೆನ್ನಿಗೆ ದಿಂಬು ಕೊಟ್ಟು, ಬಿಸಿನೀರಿನ ಬಟ್ಟೆ ಒತ್ತಲು ನನ್ನನ್ನ ಒಳಗೆ ಬಿಟ್ಟು, ತಾವು ಬಾಗಿಲಲ್ಲಿ ನಿಂತರು.

ಆ ಹೊತ್ತಿಗೆ ಸರಿಯಾಗಿ ದೊಡ್ಡ ಡಾಕ್ಟರ್ ಮೇಡಂ ಆರು ಜನ ವಿದ್ಯಾರ್ಥಿಗಳ ಜೊತೆ ರೌಂಡ್ಸಿಗೆ ಬಂದರು. ಅವರನ್ನ ಕಂಡರೆ ನಾವೆಲ್ಲ ಗಡಗಡ. ಅಜ್ಜಿ ಕೈ ಅಡ್ಡ ಇಟ್ಟರು. ನಾನು ಇಲ್ಲಿಯ ಡಾಕ್ಟರು ಅಂತ ಮೇಡಂ ಹೇಳಿದರು.

"ಆಗಿರಿ, ಯಾರು ಬ್ಯಾಡ ಅಂದೋರು? ಹೊಸಬರ ಮುಖ ಕಂಡ್ರೆ ತೊರೆ ಬುಡಾಕಿಲ್ಲ. ಅಲ್ಲೇ ನಿಂತ್ಕಳಿ."

ಮೇಡಂ ನಿಂತರು. ವಿದ್ಯಾರ್ಥಿಗಳೂ ಉಸಿರು ಬಿಗಿಹಿಡಿದು ನಿಂತರು. ಒಳಗೆ ಹುಡುಗಿ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು. ಸ್ವಲ್ಪ ಹೊತ್ತಿಗೆ ಮಗು ಗುಟುಕ್ ಗುಟುಕ್ ಅಂತ ನುಂಗೋ ಸದ್ದು ಬಾಗಿಲ ತನಕ ಕೇಳಿಸ್ತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮೇಡಂ ಮೆಲುದನಿಯಲ್ಲಿ ವಿದ್ಯಾರ್ಥಿಗಳಿಗೆ ಅಂದರು, ಇದನ್ನ ಬರ್ಕೊಳ್ಳಿ, ಪರೀಕ್ಷೇಲಿ ಕೇಳ್ತೀನಿ ಅಂತ.

ಐದನೇ ದಿನ ತಕ್ಕಡಿಯ ಮುಂದೆ ಇಡೀ ಮನೆತನ ಹಾಜರು. ತೂಕ ಏರಿತ್ತು. ಅಜ್ಜಿ ಡಬ್ಬ ತಂದು ಮಗಳ ಚೀಲಕ್ಕೆ ಹಾಕಿದರು. ಇರಲಿ ಅವ್ವಾ, ಕರುಗಾದರೂ ಆಗುತ್ತೆ ಅಂತ ಮಗ ಹೇಳೋಕೆ ಹೋದ. ಕರುಗೂ ಅವ್ವ ಅಂತ ಒಬ್ಬಳು ಅವಳೆ ಕಣೋ ಅಂತ ಅವನ ಬಾಯಿ ಮುಚ್ಚಿಸಿದರು.

ಆಮೇಲೆ ಬೆಡ್ಡಿನ ಹತ್ತಿರ ಬಂದು ಸೊಸೆಯ ಬೆನ್ನು ಸವರಿದರು, ಮನೇಲಿ ಹಸುವಿನ ಬೆನ್ನು ಸವರೋ ಹಾಗೇ, ಮೇಲಿಂದ ಕೆಳಕ್ಕೆ ನಿಧಾನವಾಗಿ. "ಗೆದ್ದುಬುಟ್ಟೆ ಕಣವ್ವ," ಅಂದರು.

ಎರಡು ದಿನ ಅತ್ತಿದ್ದ ಹುಡುಗಿ ಅತ್ತೆಯ ಮುಖವನ್ನೇ ನೋಡಿದಳು. ಇನ್ನೇನು ಮತ್ತೆ ಅಳ್ತಾಳೆ ಅಂದುಕೊಂಡೆ. ಅವಳು ಕತ್ತು ಉದ್ದ ಮಾಡಿ, ಇಡೀ ವಾರ್ಡಿಗೆ ಕೇಳಿಸೋ ಹಾಗೆ ಅಂದಳು:

"ಅಂಬಾ."