ಡೆಲ್ಮರ್ ಕರಗಿಸಿದ ತವರ

ಆ ಶನಿವಾರ ಡೆಲ್ಮರ್ ಪ್ರೂಯಿಟ್‌ನ ಸಿಟ್ಟು ಸೂರ್ಯನಿಗಿಂತ ಮೊದಲೇ ಎದ್ದಿತ್ತು. ಶೆಡ್ಡಿನಲ್ಲಿ ಸೀಸ ಕಾಯಿಸಿ ಅಚ್ಚಿಗೆ ಹೊಯ್ದು ತೆಗೆದ ಮೊದಲ ಇಪ್ಪತ್ತು ಗುಂಡುಗಳೂ ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿದ್ದವು. ಅವನ್ನೆಲ್ಲ ವಾಪಸ್ಸು ಪಾತ್ರೆಗೆ ಸುರಿದು ಮತ್ತೆ ಹೊಯ್ದ. ಮತ್ತೆ ಸುಕ್ಕು. ಪಂದ್ಯ ಮಧ್ಯಾಹ್ನ ಮೂರಕ್ಕೆ.

ನಮ್ಮ ಎಲ್ಡರ್ ಫೋರ್ಕ್ ಪಿಸ್ತೂಲು ಕ್ಲಬ್ಬಿನ ವಾರ್ಷಿಕ ಪಂದ್ಯಕ್ಕೆ ಅಂಗಡಿಯ ಗುಂಡು ತರುವ ಹಾಗಿಲ್ಲ. ತಾನೇ ಎರಕ ಹೊಯ್ದ ಗುಂಡು, ತಾನೇ ಮದ್ದು ತುಂಬಿದ ತೋಟಾ ಆಗಬೇಕು. ಗೆದ್ದವನ ಹೆಸರನ್ನು ಬಹುಮಾನದ ಕಪ್ಪಿನ ಮೇಲೆ ಕೆತ್ತುತ್ತಾರೆ, ಕಪ್ಪು ಒಂದು ವರ್ಷ ಅವನ ಮನೆಯಲ್ಲಿರುತ್ತದೆ. ಒಂಬತ್ತು ವರ್ಷದಿಂದ ಅದು ಪಕ್ಕದ ಮನೆಯ ಗಾರ್ಲಂಡ್ ಟೀಗ್‌ನ ಮನೆ ಬಿಟ್ಟು ಅಲುಗಿಲ್ಲ. ಒಂಬತ್ತು ವರ್ಷವೂ ಎರಡನೆಯ ಸ್ಥಾನ ಡೆಲ್ಮರನದು. "ಆ ಕಪ್ಪು ನನ್ನ ಕೈಗೆ ಬರೋವರೆಗೂ ನಿನ್ನ ಹೊಸಿಲು ತುಳಿಯಲ್ಲ" ಎಂದು ಅವನು ಊರ ಮುಂದೆ ಶಪಥ ಮಾಡಿದ್ದ. ಗಾರ್ಲಂಡನೋ, "ಹೇಗಿದ್ರೂ ನನ್ನ ಮನೆಗೇ ವಾಪಸ್ ಬರೋದು, ಯಾಕೆ ಹೊತ್ಕೊಂಡು ಬರ್ಲಿ?" ಎಂದು ಪಂದ್ಯಕ್ಕೆ ಕಪ್ಪು ತರುವುದನ್ನೇ ನಿಲ್ಲಿಸಿದ್ದ. ಹೀಗಾಗಿ ಡೆಲ್ಮರ್ ಅದರ ಮುಖ ನೋಡದೆ ವರ್ಷಗಳೇ ಆಗಿದ್ದವು.

"ಏನೋ ಡೆಲ್ಮರ್, ಮತ್ತೆ ಸುಕ್ಕಾ?" ಬೇಲಿಯ ಮೇಲೆ ಗಾರ್ಲಂಡನ ತಲೆ ಕಾಣಿಸಿತು. ಕೆನ್ನೆಯೊಳಗೆ ಹೊಗೆಸೊಪ್ಪಿನ ಉಂಡೆ. "ಸೀಸ ಕಾದಿಲ್ಲ ಮಾರಾಯ. ಇನ್ನೂ ಬಿಸಿ ಮಾಡು."

"ನಿನ್ನ ಕೇಳಿದ್ನಾ?"

"ಕೇಳಿಲ್ಲ. ಪಾಪ ಅನ್ನಿಸಿ ಹೇಳ್ದೆ."

ಆ 'ಪಾಪ' ಎಂಬ ಮಾತು ಡೆಲ್ಮರನ ಹೊಟ್ಟೆಯೊಳಗೆ ಸೀಸಕ್ಕಿಂತ ಚೆನ್ನಾಗಿ ಕುದಿಯಿತು. ಆದರೂ ಗಾರ್ಲಂಡ್ ಆಚೆ ಹೋದ ಮೇಲೆ ಕಳ್ಳನಂತೆ ಉರಿ ಹೆಚ್ಚಿಸಿದ. ಗುಂಡುಗಳ ಸುಕ್ಕು ಹೋಗಲಿಲ್ಲ, ಮೇಲೆ ಬೂದಿ ಬಣ್ಣ ಬೇರೆ ಬಂತು.

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ, ಎಂಬತ್ತರ ಹಾಸ್ಕೆಲ್ ತಾತ, ಕೋಲೂರಿಕೊಂಡು ಬಂದರು. ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ಸುಕ್ಕು ಗುಂಡೊಂದನ್ನು ಉಗುರಿನಿಂದ ಗೀರಿ ನೋಡಿ, "ಉರಿದಲ್ಲಪ್ಪಾ ತಪ್ಪು. ಇದ್ರಲ್ಲಿ ತವರ ಇಲ್ಲ" ಎಂದರು. "ಬರೀ ಸೀಸ ಅಚ್ಚಿನ ಮೂಲೆ ಮೂಲೆಗೆ ಹರಿಯಲ್ಲ. ಸ್ವಲ್ಪ ತವರ ಬೆರೆಸು, ಕನ್ನಡಿ ಹಾಗೆ ಬರುತ್ತೆ. ಚರ್ಚಿನ ಅಂಗಳದಲ್ಲಿ ಹಳೇ ಸಾಮಾನು ಮಾರ್ತಿದಾರೆ, ಅಲ್ಲಿ ತವರದ ಲೋಟ ಗೀಟ ಸಿಗುತ್ತೆ ನೋಡು."

ಇದೊಂದು ಮಾತಿಗೆ ಡೆಲ್ಮರ್ ಅವರ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ, ಟ್ರಕ್ ಹತ್ತಿ ಓಡಿದ.

ಚರ್ಚಿನ ಅಂಗಳದಲ್ಲಿ ಮೇಜಿನ ಹಿಂದೆ ಕುಳಿತಿದ್ದವಳು ಗಾರ್ಲಂಡನ ಹೆಂಡತಿ ಅರ್ಲೀನ್. ಮುಖ ಊದಿಸಿಕೊಂಡು, ಗಿರಾಕಿಗಳನ್ನು ಹೊಡೆಯುವವಳ ಹಾಗೆ ನೋಡುತ್ತಿದ್ದಳು.

"ತವರದ್ದೇನಾದ್ರೂ ಇದೆಯಾ ಅರ್ಲೀನ್?"

"ಯಾಕೆ?"

"ಕರಗಿಸೋಕೆ. ಗುಂಡಿಗೆ ಬೆರೆಸ್ಬೇಕು."

ಅವಳ ಮುಖ ಒಮ್ಮೆಲೇ ಅರಳಿತು. ಮೇಜಿನ ಕೆಳಗಿದ್ದ ರಟ್ಟಿನ ಡಬ್ಬಿಯ ತಳಕ್ಕೆ ಕೈ ಹಾಕಿ, ರೊಟ್ಟಿಯ ಹಾಗೆ ಚಪ್ಪಟೆಯಾಗಿ ನಡುವೆ ಮಡಿಚಿಹೋಗಿದ್ದ ಬೂದುಬಣ್ಣದ ವಸ್ತುವೊಂದನ್ನು ಎಳೆದಳು. ಅದರ ಮೈತುಂಬ ಕಂದು ಕೊಳೆ ದಪ್ಪಗೆ ಮೆತ್ತಿತ್ತು, ಒಂದು ಕಡೆ ಟೈರಿನ ಗುರುತಿತ್ತು.

"ಪೂರ್ತಿ ಕರಗಿಸ್ತೀಯಾ? ಚೂರೂ ಉಳಿಸಲ್ಲ ತಾನೆ?"

"ಚೂರೂ ಉಳಿಸಲ್ಲ."

"ಹಾಗಾದ್ರೆ ದುಡ್ಡೂ ಬೇಡ, ಏನೂ ಬೇಡ. ಮೊದ್ಲು ಇಲ್ಲಿಂದ ತಗೊಂಡು ಹೋಗು. ಇದನ್ನ ನೋಡಿದ್ರೇ ನಂಗೆ ಮೈ ಉರಿಯುತ್ತೆ."

ಡೆಲ್ಮರ್ ಅದನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ಸಣ್ಣಗೆ ಕಿರ್ ಎಂದಿತು. ತವರ ಬಗ್ಗುವಾಗ ಹಾಗೇ ಅಳುತ್ತದೆ. ಇನ್ನೇನು ನೋಡಬೇಕು? ಮನೆಗೆ ಬಂದವನೇ ಅವಸರದಲ್ಲಿ ಹಾಗೇ ಒಣಗಿಸಿ ಕತ್ತರಿಸಿ ಪಾತ್ರೆಗೆ ಹಾಕಿದ. ಶೆಡ್ಡಿನ ತುಂಬ ಹೊಗೆಸೊಪ್ಪಿನ ನಾತ ಎದ್ದಿತು. 'ಆ ದರಿದ್ರದವನು ಮತ್ತೆ ಬೇಲಿ ಹತ್ತಿರ ಬಂದ' ಎಂದುಕೊಂಡು ತಿರುಗಿಯೂ ನೋಡಲಿಲ್ಲ.

ಈ ಸಲ ಅಚ್ಚು ತೆರೆದರೆ ಕನ್ನಡಿಯಂಥ ಗುಂಡು! ಒಂದಲ್ಲ ಎರಡಲ್ಲ, ಅರವತ್ತು. ಡೆಲ್ಮರನ ಕಣ್ಣಲ್ಲಿ ನೀರು ಬಂತು. ಸಿಟ್ಟಿನ ಮನುಷ್ಯನಿಗೆ ಸಂತೋಷವಾದರೆ ಎಲ್ಲಿ ಇಟ್ಟುಕೊಳ್ಳಬೇಕೆಂದೇ ಗೊತ್ತಾಗುವುದಿಲ್ಲ.

ಇನ್ನು ಗುಂಡುಗಳಿಗೆ ಮೇಣ ಹಿಡಿಸಬೇಕು, ಇಲ್ಲದಿದ್ದರೆ ನಳಿಗೆಯೊಳಗೆ ಸೀಸ ಮೆತ್ತಿಕೊಳ್ಳುತ್ತದೆ. ಹೆಂಡತಿ ವಿಲ್ಡಾ ಮನೆಯಲ್ಲಿರಲಿಲ್ಲ. ಅವಳು ಪೈ ಎಂಬ ಹಣ್ಣಿನ ಸಿಹಿತಿಂಡಿ ಸುಡುವ ತಟ್ಟೆಯಲ್ಲಿ ಗುಂಡುಗಳನ್ನು ಸಾಲಾಗಿ ನಿಲ್ಲಿಸಿ, ಕರಗಿಸಿದ ಜೇನುಮೇಣ ಸುರಿದ. ಅವಸರದಲ್ಲಿ ಜಾಸ್ತಿಯೇ ಬಿತ್ತು, ಗುಂಡುಗಳು ಪೂರ್ತಿ ಮುಳುಗಿದವು. ಆರಲಿ ಎಂದು ಅಡುಗೆಮನೆಯ ಕಿಟಕಿಯಲ್ಲಿಟ್ಟು ಮದ್ದು ತೂಗಲು ಹೋದ.

ವಾಪಸ್ಸು ಬಂದಾಗ ಹಾಸ್ಕೆಲ್ ತಾತ ಕಿಟಕಿಯ ಬಳಿ ಚಮಚ ಹಿಡಿದು ನಿಂತಿದ್ದರು. ಹಳದಿ ಮೇಣ ಅವರ ಮಂಜುಗಣ್ಣಿಗೆ ನಿಂಬೆಹಣ್ಣಿನ ಪೈಯಾಗಿ ಕಂಡಿತ್ತು. ಕಟಕ್ ಎಂದಿತು.

"ಉಗೀರಿ ತಾತ! ನುಂಗ್ಬೇಡಿ! ಅದು ಸೀಸ!"

ತಾತ ಉಗಿದರು. ಗುಂಡು ಬಂತು, ಮೇಣ ಬಂತು, ಹಿಂದೆಯೇ ಎರಡು ತುಂಡಾದ ಹಲ್ಲಿನ ಸೆಟ್ಟೂ ಬಂತು.

"ಅಡುಗೆಮನೇಲಿ ಗುಂಡು ಬೇಯಿಸ್ತೀಯೇನೋ ಅವಿವೇಕಿ!" ತಾತ ಕೋಲನ್ನು ನೆಲಕ್ಕೆ ಕುಟ್ಟಿದರು. "ನಿಂಗೆ ದಾರಿ ತೋರಿಸಿದ್ದಕ್ಕೆ ಇದಾ ಬಹುಮಾನ?"

ಅದೇ ಹೊತ್ತಿಗೆ ವಿಲ್ಡಾ ಬಂದು ತನ್ನ ತಟ್ಟೆಯ ಗತಿ ನೋಡಿದಳು. ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಡೆಲ್ಮರ್ ತಟ್ಟೆ ಎತ್ತಿಕೊಂಡು ಶೆಡ್ಡಿಗೆ ಓಡಿ ಚಿಲಕ ಹಾಕಿಕೊಂಡ.

ಮೂರಕ್ಕೆ ಪಂದ್ಯ ಶುರುವಾಯಿತು. ನಲವತ್ತು ಗುಂಡು. ಡೆಲ್ಮರ್ ಗುಂಡೊಂದಕ್ಕೆ ಒಂದೊಂದು ಸಿಟ್ಟು ಸೇರಿಸಿ ಹೊಡೆದ. ಒಂಬತ್ತು ವರ್ಷದ ಸಿಟ್ಟು, 'ಪಾಪ'ದ ಸಿಟ್ಟು, ಹೆಂಡತಿಯ ಬೈಗುಳದ ಸಿಟ್ಟು. ಗುಂಡುಗಳು ಹೇಳಿದ ಮಾತು ಕೇಳಿದವು. ಎಣಿಸಿ ನೋಡಿದರೆ ಗಾರ್ಲಂಡನಿಗಿಂತ ಎರಡು ಪಾಯಿಂಟ್ ಮುಂದೆ! ಜನ ಟೋಪಿ ಹಾರಿಸಿದರು.

"ತಗೊಂಡು ಬಾರೋ ನನ್ನ ಕಪ್ಪು!" ಡೆಲ್ಮರ್ ಕೂಗಿದ. ಗಾರ್ಲಂಡ್ ಮುಖ ಜೋಲು ಹಾಕಿಕೊಂಡು ಮನೆಗೆ ಹೋದ. ಹತ್ತು ನಿಮಿಷಕ್ಕೆ ಬರಿಗೈಯಲ್ಲಿ ಬಂದ. ಹಿಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅರ್ಲೀನ್ ಬಂದಳು.

"ಕಪ್ಪು ಕಾಣಿಸ್ತಿಲ್ಲ" ಎಂದ ಗಾರ್ಲಂಡ್.

"ಹೇಗೆ ಕಾಣಿಸುತ್ತೆ?" ಅರ್ಲೀನ್ ಸಿಡಿದಳು. "ಒಂಬತ್ತು ವರ್ಷ ಅದಕ್ಕೆ ಹೊಗೆಸೊಪ್ಪು ಉಗಿದವನು ನೀನು. ತೊಳೆದವಳು ನಾನು. ಇವತ್ತು ಬೆಳಿಗ್ಗೆ ನನ್ನ ಹೊಸ ರತ್ನಗಂಬಳಿ ಮೇಲೆ ಅದನ್ನ ಉರುಳಿಸಿ, ನೀನು ಬೇಲಿ ಹತ್ರ ಹರಟೆಗೆ ಹೋದೆ. ನಾನು ಅದರ ಮೇಲೆ ಕಾರು ಹತ್ತಿಸ್ದೆ. ಎರಡು ಸಲ! ಆಮೇಲೆ ಚರ್ಚಿನ ಡಬ್ಬಿಗೆ ಹಾಕ್ದೆ."

ಡೆಲ್ಮರನ ಮುಖದ ರಕ್ತವೆಲ್ಲ ಬೂಟಿಗಿಳಿಯಿತು. ಕಿವಿಯಲ್ಲಿ ಮತ್ತೆ ಕಿರ್ ಎಂದಿತು. ಗುರಿಹಲಗೆಯ ಹಿಂದಿನ ಮಣ್ಣಿನ ದಿಬ್ಬದ ಕಡೆ ನೋಡಿದ. ಒಂಬತ್ತು ವರ್ಷ ಕಾದ ಕಪ್ಪನ್ನು ತಾನೇ ನಲವತ್ತು ಸಲ ಅದರೊಳಗೆ ಹೊಡೆದಿದ್ದ.

"ನಾನು ಬರೀ ಚಪ್ಪಟೆ ಮಾಡಿದ್ದು" ಎಂದಳು ಅರ್ಲೀನ್. "ಬಡಿದ್ರೆ ನೆಟ್ಟಗಾಗ್ತಿತ್ತು. ಕರಗಿಸಿದ್ದು ಇವನು."

"ಚರ್ಚಿನ ಡಬ್ಬಿಯಿಂದ ತಂದಿದ್ದು ನಾನು! ಕಪ್ಪು ಅಂತ ನನಗೇನು ಗೊತ್ತು? ಹೆಸರೆಲ್ಲ ಕೊಳೇಲಿ ಮುಚ್ಚಿಹೋಗಿತ್ತು!" ಡೆಲ್ಮರ್ ಕಿರುಚಿದ.

ಹಾಸ್ಕೆಲ್ ತಾತ ನಿಯಮದ ಪುಸ್ತಕ ತೆರೆದರು. ಬೇರೆ ದಿನವಾಗಿದ್ದರೆ ತೆರೆಯುತ್ತಿದ್ದರೋ ಇಲ್ಲವೋ, ಅಂದು ಅವರ ಹಲ್ಲು ಕರ್ಚೀಫಿನಲ್ಲಿತ್ತು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದರು: "ಕಪ್ಪನ್ನು ನಾಶ ಮಾಡಿದವನ ಆ ವರ್ಷದ ಅಂಕಗಳು ರದ್ದು. ಹೊಸ ಕಪ್ಪನ್ನು ಅವನೇ ಎರಕ ಹೊಯ್ದು, ಗೆದ್ದವರ ಹೆಸರನ್ನೆಲ್ಲ ತನ್ನ ಕೈಯಾರೆ ಕೆತ್ತಿ ಕೊಡತಕ್ಕದ್ದು." ಗೊತ್ತಿದ್ದು ಮಾಡಿದರೆ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಮರುದಿನ ಡೆಲ್ಮರ್ ಗುದ್ದಲಿ ಹಿಡಿದು ದಿಬ್ಬ ಅಗೆದ. ವಾರವೆಲ್ಲ ತವರಕ್ಕಾಗಿ ಊರೂರು ಅಲೆದ. ಕೊನೆಗೆ ಶೆಡ್ಡಿನಲ್ಲಿ ಹಲ್ಲು ಕಚ್ಚಿಕೊಂಡು 'ಗಾರ್ಲಂಡ್ ಟೀಗ್' ಎಂದು ಒಂಬತ್ತು ಸಲ ಕೆತ್ತಿದ. ಈ ವರ್ಷದ್ದಾದ ಹತ್ತನೆಯದನ್ನು ಶುರುಮಾಡುವಾಗ ಬೇಲಿಯ ಮೇಲೆ ತಲೆ ಕಾಣಿಸಿತು.

"ಡೆಲ್ಮರ್, ಇನ್ನೊಂದು ಮಾಡೋದಾದ್ರೆ ಬಾಯಿ ಸ್ವಲ್ಪ ಅಗಲ ಇರ್ಲಿ ಮಾರಾಯ. ಉಗಿಯೋಕೆ ಸಲೀಸಾಗುತ್ತೆ."