ಜಗಲಿಯ ಮೇಲಿನ ಕಾವಲುಗಾರ

ನನ್ನ ತಂಗಿಯ ಗಂಡನಿಗೆ ಹುಚ್ಚಿಲ್ಲ. ಈ ಮಾತನ್ನು ಕೆಲಮಂಗಲದ ಸಂತೆಯ ನಡುವೆ ನಿಂತು ಬೇಕಾದರೂ ಹೇಳುತ್ತೇನೆ. ಅವನ ಮನೆಯೊಳಗೆ ನಿಂತು ಹೇಳು ಅಂದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ!

ಹೊಸೂರಿನ ಕಾರ್ಖಾನೆಯಲ್ಲಿ ಅವನದು ಎರಡನೇ ಪಾಳಿ, ಬಣ್ಣ ಹೊಡೆಯುವ ಕೆಲಸ. ಜೂಜುವಾಡಿಯ ಗುಜರಿ ಅಂಗಡಿಯಲ್ಲಿ ಹಳೇ ಸರ್ವರ್ ಒಂದನ್ನು ಕಂಡು ಮನಸೋತ. ಟೊಮೇಟೊ ಮಂಡಿಯಲ್ಲಿ ಪಳಗಿದ ನಾನೇ ಚೌಕಾಸಿಗೆ ಹೋದೆ. (ಗುಜರಿಗೆ ಹೋದರೆ ಬೇಕಾದ ಸಾಮಾನಿನ ಕಡೆ ನೋಡಬೇಡಿ, ಪಕ್ಕದ್ದನ್ನು ಬೈಯಿರಿ. ಬೆಲೆ ತಾನಾಗಿ ಇಳಿಯುತ್ತದೆ.) ನಾನು ಪಕ್ಕದ ಫ್ರಿಜ್ಜನ್ನು ಬೈಯುತ್ತಿದ್ದರೆ ಇವನು ಸರ್ವರನ್ನು ತಬ್ಬಿಕೊಂಡು ನಿಂತಿದ್ದ. ಇನ್ನೆಲ್ಲಿಯ ಚೌಕಾಸಿ!

ಆ ಒಂದೇ ಪೆಟ್ಟಿಗೆಯೊಳಗೆ ಆರೇಳು ಕಂಪ್ಯೂಟರುಗಳನ್ನು ಸಾಕಿದ. ಕಣ್ಣಿಗೆ ಕಾಣವು, ‘ವರ್ಚುವಲ್’ ಅಂತೆ. ಒಂದು ದೀಪ ಹಚ್ಚುತ್ತದೆ, ಒಂದು ಬಾಗಿಲು ಕಾಯುತ್ತದೆ, ಒಂದು ಹಿತ್ತಲ ಪ್ಲಾಸ್ಟಿಕ್ ಚಪ್ಪರದ ಪಾಲಿಹೌಸಿನಲ್ಲಿ ನನ್ನ ತಂಗಿ ಬೆಳೆದ ಗುಲಾಬಿಗೆ ನೀರು ಬಿಡುತ್ತದೆ. ಪಾಸ್‌ವರ್ಡ್ ಕೇಳಿ ಒಳಗೆ ಬಿಡುವ ಕಾವಲುಗಾರನೂ ಅದರಲ್ಲೇ ಇದ್ದ.

ಒಂದು ಬೆಳಗ್ಗೆ ಅವನ ಫೋನು. “ಭಾವ, ಕಾವಲುಗಾರನ್ನ ಆಚಿಕ್ ಹಾಕ್ಬುಟ್ಟೆ.”

“ಯಾಕ್ಲಾ, ಏನಾನ ಕದ್ನಾ?”

“ಮನೆ ಒಳ್ಗಿರೋನು ಮನೇವ್ರ ಗುರ್ತು ಹಿಡಿಯೋದು ದೊಡ್ ಕೆಲ್ಸನಾ? ಆಚೆ ಕುಂತು ಹಿಡೀಬೇಕು. ಅದ್ಕೇ ಬೇರೆ ಪೆಟ್ಗೆ ತಂದೆ. ಈಗ ಅದು ನನ್ನೇ ಸರ್ವರೊಳಿಕ್ ಬಿಡ್ತಿಲ್ಲ! ಗುಲಾಬಿಗೆ ನೀರಿಲ್ಲ. ಬಿಸ್ಲು ಬೇರೆ. ನಿಮ್ ತಂಗಿ ಬಂದು ನೋಡುದ್ರೆ ನನ್ನೇ ಗೊಬ್ರ ಮಾಡ್ತಾಳೆ.”

ಹೋಗಿ ನೋಡಿದೆ. ಗುರುತು ಹಿಡಿಯುವುದೊಂದೇ ಕಸುಬಿನ ಆ ಪುಟ್ಟ ಪೆಟ್ಟಿಗೆ ವಿಭೂತಿ ಬಳಿಸಿಕೊಂಡು ಜಗಲಿಯ ಮೇಲೆ ಕೂತಿತ್ತು. ಹಿತ್ತಲಲ್ಲಿ ಗುಲಾಬಿಗಳು ಕತ್ತು ಬಾಗಿಸಿದ್ದವು.

“ಕೈಯಾಗೆ ಮೋಟ್ರು ಹಾಕ್ಲಾ!”

“ಸ್ವಿಚ್ ಕಿತ್ತಾಕಿವ್ನಿ ಭಾವ. ಮನುಷ್ರ ಕೈ ನಂಬೋಕಾಯ್ತದಾ?”

ಬಿಂದಿಗೆ ತಾ ಅಂದೆ. ನಲ್ಲಿಗೂ ಪಾಸ್‌ವರ್ಡ್!

ತಲೆಯ ಮೇಲೆ ಕೈ ಹೊತ್ತು ಗೋಡೆ ಗಡಿಯಾರ ನೋಡಿದೆ, ಆಮೇಲೆ ನನ್ನ ಮೊಬೈಲ್ ನೋಡಿದೆ. ಗಡಿಯಾರ ಹತ್ತು ನಿಮಿಷ ಮುಂದಿತ್ತು. ಪಾಳಿ ಬಸ್ಸು ಹಿಡಿಯುವವರ ಮನೆಗಳಲ್ಲಿ ಇದು ಇದ್ದದ್ದೇ. ಆದರೆ ಕೆದಕಿ ಕೇಳಿದರೆ, ಈ ಮಹಾನುಭಾವ ಸರ್ವರನ್ನೂ ಹತ್ತು ನಿಮಿಷ ಮುಂದಿಟ್ಟಿದ್ದ! ಒಳಗಿದ್ದಾಗ ಕಾವಲುಗಾರನೂ ಅದೇ ತಪ್ಪು ಹೊತ್ತಿನಲ್ಲಿ ನೆಮ್ಮದಿಯಾಗಿದ್ದ. ಜಗಲಿಗೆ ಬಂದವನು ಇಂಟರ್ನೆಟ್ಟಿನಿಂದ ಸರಿಯಾದ ಹೊತ್ತು ಕಲಿತುಬಿಟ್ಟ. ಅವನು ಕೊಡುವ ಒಳಹೋಗುವ ಚೀಟಿಗೆ ಐದೇ ನಿಮಿಷ ಆಯಸ್ಸು. ಮನೆಯ ಗಡಿಯಾರದ ಲೆಕ್ಕದಲ್ಲಿ ಅದು ಹುಟ್ಟುವ ಮೊದಲೇ ಸತ್ತಿರುತ್ತಿತ್ತು. ಹಾಲು ಕೆಚ್ಚಲಲ್ಲೇ ಒಡೆದ ಹಾಗೆ!

“ಗಡಿಯಾರ ಸರಿ ಮಾಡ್ಲಾ, ಮುಗೀತು.”

“ಅದೊಂದ್ ಬ್ಯಾಡ ಭಾವ. ಬೇರೆ ಏನಾನ ಹೇಳಿ.”

ಬೇರೆ ಏನು ಹೇಳಲಿ, ಊದುಬತ್ತಿ ಹಚ್ಚು ಅನ್ನಲೇ? ಅದನ್ನೂ ಹಚ್ಚಿದ! ಕೊನೆಗೆ ಗುಲಾಬಿಗಳ ಕಡೆ ಒಮ್ಮೆ ನೋಡಿ, ಸ್ವಂತ ಮೀಸೆ ಬೋಳಿಸಿಕೊಳ್ಳುವವನ ಮುಖ ಮಾಡಿಕೊಂಡು, ಸರ್ವರನ್ನು ಆರಿಸಿ ಹಚ್ಚಿ, ಅದು ಪಾಸ್‌ವರ್ಡ್ ಕೇಳುವ ಮೊದಲೇ ಅದರ ಗಡಿಯಾರವನ್ನೂ ಆಮೇಲೆ ಗೋಡೆಯದನ್ನೂ ಹಿಂದೆ ತಿರುಗಿಸಿದ. ದೀಪ ಹತ್ತಿತು, ಮೋಟಾರು ಗುರ್ ಅಂದಿತು, ನೀರು ಹರಿಯಿತು.

ಮಧ್ಯಾಹ್ನ ಉಣ್ಣುವಾಗ ಅರ್ಧಕ್ಕೇ ಎದ್ದ. “ಕೂತ್ಕಳ್ಲಾ, ಈಗ ಸರಿಯಾದ್ ಹೊತ್ತು ಗೊತ್ತದಲ್ಲ, ಇನ್ನೊಂದ್ ಮುದ್ದೆ ಉಣ್ಣು” ಎಂದು ಕೂರಿಸಿದೆ. ಆಮೇಲೆ ನನ್ನ ಬೈಕಿನಲ್ಲೇ ಬಸ್‌ಸ್ಟಾಪಿಗೆ ಬಿಟ್ಟೆ. ಅವನ ಬಸ್ಸು ಆಗಲೇ ಬಂದು ನಿಂತಿತ್ತು. ಹತ್ತಿದ.

ಟೀ ಅಂಗಡಿಯ ಮುಂದೆ ನನ್ನ ತಂಗಿ, ಬೇಗ ಬಿಡುವ ಬೇರೆ ಕಾರ್ಖಾನೆಯಲ್ಲಿ ಮೊದಲನೇ ಪಾಳಿ ಮುಗಿಸಿ ಆಗತಾನೇ ಇಳಿದವಳು, ಎರಡು ಗ್ಲಾಸು ಟೀ ಹಿಡಿದು ನಿಂತಿದ್ದಳು.

“ಇವ್ರಿಗೇನಾಯ್ತಣ್ಣ ಇವತ್ತು?”

“ಗಡಿಯಾರ ಸರಿ ಮಾಡಿಸ್ದೆ ಕಣಮ್ಮ.”

“ಯಾರಣ್ಣ ಮಾಡು ಅಂದೋರು? ನಾ ಮನೆಗೋಗೋವಾಗ ಇವ್ರಿರಲ್ಲ, ಇವ್ರು ಬರೋವಾಗ ನಾ ಮಲಗಿರ್ತೀನಿ. ನಮಗಿರೋದೇ ಇಲ್ಲಿ, ಆ ಹತ್ ನಿಮಿಷ.”

ನಾನು ಹೋಗಿ ಬಸ್ಸಿನ ಮುಂದೆ ನಿಂತು, ತಮಿಳು ಡ್ರೈವರನನ್ನು ಹತ್ತು ನಿಮಿಷ ಬೇಡಿದೆ.

“ಅಣ್ಣೇ, ಒರು ಪತ್ತು ನಿಮಿಷಂ!”

ಡ್ರೈವರ್ ಎರಡು ಬೆರಳು ತೋರಿಸಿದ. ಎರಡೇ ನಿಮಿಷ. ಮರುಮಾತಾಡದೆ ಒಪ್ಪಿಕೊಂಡೆ.

ತಂಗಿ ಕಿಟಕಿಗೆ ಗ್ಲಾಸು ಚಾಚಿದಳು. ಆರಿದ ಟೀಯನ್ನು ಅವನು ಊದಿ ಊದಿ ಕುಡಿದ.