ಹಲಗೆಯ ಮೇಲಿನ ಮೂರನೇ ಚೀಟಿ

ಥರ್ಮನ್ ಗ್ಯಾಡಿಯ ಅಜ್ಜ ಎಝ್ರಾ ಗ್ಯಾಡಿ ಓದಿದ್ದು ಮೂರನೇ ತರಗತಿ. ಆದರೆ ಅಲಬಾಮಾದ ಕೂಪರ್ಸ್ ಬೆಂಡ್ ಎಂಬ ಊರಿನಲ್ಲಿ, ಕ್ಷೌರದಂಗಡಿಯ ಗೋಡೆಯ ಮೇಲೆ ಒಲೆಯ ಇದ್ದಿಲಿನಿಂದ "ಶನಿವಾರದ ಫುಟ್‌ಬಾಲಿನಲ್ಲಿ ಬ್ರಾಡ್‌ವಾಟರ್ ಕಾಲೇಜು ಏಳು ಅಂಕದಿಂದ ಗೆಲ್ಲುತ್ತೆ" ಎಂದು ಮೊದಲು ಬರೆದ ಮಹಾಪುರುಷ ಅವನೇ. ಗೆದ್ದಿತು, ಏಳೇ ಅಂಕದಿಂದ. ಒಂಬತ್ತು ಶನಿವಾರ ಅವನ ಮಾತು ಹೀಗೆ ನಡೆದ ಮೇಲೆ ಕ್ಷೌರಿಕ ಗೋಡೆಗೆ ಸುಣ್ಣ ಹೊಡೆಯುವ ಯೋಚನೆ ಬಿಟ್ಟು, ಒಂದು ಕಪ್ಪು ಹಲಗೆ ತೂಗುಹಾಕಿ, ಸೀಮೆಸುಣ್ಣವನ್ನು ಅವನ ಕೈಗೇ ಒಪ್ಪಿಸಿದ. ಅಪ್ಪ ಹೋಬರ್ಟ್ ಗ್ಯಾಡಿ ಬೇಸ್‌ಬಾಲಿನ ಪಂಡಿತ. ಎಸೆತಗಾರ ಎಷ್ಟು ಸಲ ಟೋಪಿ ಮುಟ್ಟಿಕೊಳ್ಳುತ್ತಾನೆಂದು ಎಣಿಸಿ, ಯಾವ ಇನ್ನಿಂಗ್ಸಿನಲ್ಲಿ ಅವನ ತೋಳು ಕೈಕೊಡುತ್ತದೆಂದು ಹೇಳುತ್ತಿದ್ದ. ಅವನ ಮದುವೆಯಲ್ಲಿ ಪಾದ್ರಿ "ಒಪ್ಪಿಗೆಯೇ?" ಎಂದು ಕೇಳಿದಾಗ "ಎಂಟನೇ ಇನ್ನಿಂಗ್ಸು" ಎಂದನಂತೆ. ಅದೂ ನಿಜವಾಯಿತಂತೆ.

ಮೂರು ತಲೆಮಾರಿನಲ್ಲಿ ಒಬ್ಬ ಗ್ಯಾಡಿಯೂ ಆ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹತ್ತಿದವರಿಗಿಂತ ಗಟ್ಟಿಯಾಗಿ "ನಮ್ಮ ಕಾಲೇಜು" ಅನ್ನುತ್ತಿದ್ದವರು ಮಾತ್ರ ಅವರೇ.

ಇಂಥ ವಂಶದ ಕುಡಿಯಾದ ಥರ್ಮನ್, ಆ ವರ್ಷ ಆಗಸ್ಟಿನಲ್ಲಿ ಕ್ಷೌರದ ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡೇ ಪ್ರತಿಜ್ಞೆ ಮಾಡಿದ. "ಈ ಸಲ ನನ್ನ ಒಂದು ಮಾತೂ ನೆಲಕ್ಕೆ ಬೀಳಲ್ಲ. ಬರೆದಿಟ್ಕೊ ಕ್ಲೋವಿಸ್."

"ನೀನೇ ಬರೆದಿಡು ಥರ್ಮನಣ್ಣ, ಸೀಮೆಸುಣ್ಣ ನಿನ್ನ ಹತ್ರಾನೇ ಇದೆಯಲ್ಲ," ಅಂದ ಕ್ಷೌರಿಕ ಕ್ಲೋವಿಸ್.

ಹಲಗೆಗೆ ಒಂದು ಕಟ್ಟಳೆ ಇತ್ತು. ಯಾರು ಬೇಕಾದರೂ ಪಕ್ಕದಲ್ಲಿ ಚೀಟಿ ಸಿಕ್ಕಿಸಬಹುದು. ಯಾರದಾದರೂ ಚೀಟಿ ಸತತ ಮೂರು ಶನಿವಾರ ಗ್ಯಾಡಿಯ ಮಾತನ್ನು ಸೋಲಿಸಿದರೆ ಸೀಮೆಸುಣ್ಣ ಅವರದು. ಅರವತ್ತು ವರ್ಷಗಳಲ್ಲಿ ಯಾರಿಗೂ ಎರಡನ್ನು ದಾಟಲು ಆಗಿರಲಿಲ್ಲ.

ಸೆಪ್ಟೆಂಬರ್ ಪೂರ್ತಿ ಥರ್ಮನ್ ರಾಜನಂತೆ ಮೆರೆದ. ಅಕ್ಟೋಬರಿನಲ್ಲಿ ಗ್ರಹಚಾರ ಕೆಟ್ಟಿತು. ಬೇಸ್‌ಬಾಲಿನ ಆ ವರ್ಷದ ದೊಡ್ಡ ಪಂದ್ಯ. ಎಡಗೈ ಎಸೆತಗಾರ ಗೆಲ್ಲಿಸುತ್ತಾನೆಂದು ವಾರವೆಲ್ಲ ಮನೆಯಲ್ಲಿ ಹೇಳಿಕೊಂಡು ತಿರುಗಿದ ಥರ್ಮನ್‌ಗೆ, ಶುಕ್ರವಾರ ಪತ್ರಿಕೆಯಲ್ಲಿ ಆ ಎಸೆತಗಾರನ ಚಿತ್ರ ನೋಡಿದ ಕೂಡಲೇ ಅನುಮಾನ ಹತ್ತಿತು. ಗೆಲ್ಲುವವನು ಹೀಗೆ ನಗುತ್ತಾನೆಯೇ? ಭುಜ ನೋಯುತ್ತಿರುವವನು ಮಾತ್ರ ಹೀಗೆ ನಗುವುದು. ಹಲಗೆಯಲ್ಲಿ ಎದುರು ತಂಡದ ಬಲಗೈ ಎಸೆತಗಾರನ ಹೆಸರು ಬರೆದ. ಪಕ್ಕದಲ್ಲಿ, ಹೆಸರಿಲ್ಲದ ದಪ್ಪಕ್ಷರದ ಚೀಟಿಯೊಂದು "ಎಡಗೈ" ಎಂದಿತ್ತು. ಎಡಗೈಯವನು ಗೆದ್ದ, ನಗುತ್ತಲೇ ಗೆದ್ದ.

ಮುಂದಿನ ವಾರ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಗೆರೆ ದಾಟಿಸಿ ಏಳೇಳು ಅಂಕ ಗಳಿಸುವ ಅಮೆರಿಕದ ಆಟ. ನಮ್ಮವರು ಹತ್ತು ಅಂಕದಿಂದ ಗೆಲ್ಲುತ್ತಾರೆಂದು ಬಾಯಲ್ಲಿ ಹೇಳಿದವನು, ಬರೆಯುವ ಹೊತ್ತಿಗೆ ಮೋಡ ನೋಡಿ ಮೂರಕ್ಕೆ ಇಳಿಸಿದ. ಚೀಟಿ ಹತ್ತು ಎಂದಿತ್ತು. ಬಂದದ್ದೂ ಹತ್ತೇ.

ಥರ್ಮನ್‌ಗೆ ಖಾತ್ರಿಯಾಯಿತು: ಈ ಚೀಟಿಯವನು ತನ್ನ ತಲೆಯೊಳಗೆ ಕೈಹಾಕಿ ಮಾತು ಕದಿಯುತ್ತಿದ್ದಾನೆ. ಯಾರಿರಬಹುದು? ಕ್ಲೋವಿಸ್? ಅವನು ತಲೆ ಬಾಚುವ ನೆಪದಲ್ಲಿ ತಲೆಯನ್ನೇ ಓದುತ್ತಿರಬಹುದು. ಪಾದ್ರಿ? ಇತ್ತೀಚೆಗೆ ಪ್ರಾರ್ಥನೆಯ ನಡುವೆ ಕಣ್ಣು ತೆರೆದು ತನ್ನನ್ನೇ ನೋಡುತ್ತಾನೆ. ಥರ್ಮನ್ ಚೀಟಿಯನ್ನು ಮೂಗಿನ ಹತ್ತಿರ ಹಿಡಿದ. ವಿನಿಗರ್ ವಾಸನೆ. ಬೆಂಡೆಕಾಯಿಯನ್ನು ವಿನಿಗರಿಗೆ ಹಾಕಿ ಉಪ್ಪಿನಕಾಯಿ ಮಾಡದ ಮನೆ ಆ ಊರಿನಲ್ಲೇ ಇಲ್ಲ. ಹಾಗಾಗಿ ಅನುಮಾನ ಊರಿಗೆಲ್ಲ ಹರಡಿತು.

ಶನಿವಾರಗಳಂದು ಅವನು ಕ್ಲೋವಿಸನ ಅಂಗಡಿಯಲ್ಲೇ ಆಟ ನೋಡುವುದು. ಹೆಂಡತಿ ವಿಲೋಡೀನ್‌ಗೆ ಆಟವೆಂದರೆ ಆಗದು. "ಒಂದು ಚೆಂಡಿಗೆ ಇಪ್ಪತ್ತೆರಡು ಜನ ಬಿದ್ದು ಒದ್ದಾಡೋದ್ರಲ್ಲಿ ಏನಿದೆ" ಅನ್ನುವವಳು. ಆ ಎರಡನೇ ಶನಿವಾರ ಸೋತ ಮುಖ ಹೊತ್ತು ಮನೆಗೆ ಬಂದವನು ಟಿವಿಯ ಮೇಲೆ ಟೋಪಿ ಇಟ್ಟ. ಕೈಗೆ ಬಿಸಿ ತಗಲಿತು. ಹಿಂಭಾಗ ಮುಟ್ಟಿ ನೋಡಿದ. ಆಗಷ್ಟೇ ಆರಿಸಿದ ಒಲೆಯಂತಿತ್ತು.

"ವಿಲೋಡೀನ್, ಟಿವಿ ಹಾಕಿದ್ದೆಯಾ?"

"ಇಲ್ವಲ್ಲ. ಬಿಸಿಲು ಬಿದ್ದಿರಬೇಕು."

ಕಿಟಕಿ ಇದ್ದದ್ದು ಉತ್ತರಕ್ಕೆ. ಥರ್ಮನ್ ಲೆಕ್ಕ ಹಾಕಿದ. ಮೂವತ್ತೊಂದು ವರ್ಷ ಜೊತೆಗೆ ಬಾಳಿದವಳು ತಾನಿಲ್ಲದಾಗ ಯಾರನ್ನೋ ಕರೆದು ಕೂರಿಸಿಕೊಂಡು ಆಟ ನೋಡುತ್ತಾಳೆ. ಆ ಯಾರೋ ತನ್ನ ಮಾತುಗಳನ್ನು ಅವಳ ಬಾಯಿಂದ ಎಳೆದುಕೊಂಡು ಚೀಟಿ ಬರೆಯುತ್ತಾನೆ. ಎಲ್ಲ ಸರಿಹೊಂದಿತು.

ಮೂರನೇ ಶನಿವಾರ ಹಳೇ ವೈರಿ ಮಾರ್ಬರಿ ಕಾಲೇಜಿನೊಡನೆ ಆಟ. ನಮ್ಮವರು ನಾಲ್ಕು ಅಂಕದಿಂದ ಗೆಲ್ಲುತ್ತಾರೆಂದು ಸೋಮವಾರವೇ ಊಟಕ್ಕೆ ಕೂತು ಹೇಳಿದ್ದ. ಆದರೆ ಕಳ್ಳ ತನ್ನ ಮನಸ್ಸಿನಲ್ಲಿದ್ದುದನ್ನೇ ಬರೆಯುವುದಾದರೆ, ಮನಸ್ಸಿನಲ್ಲಿ ಇಲ್ಲದ್ದನ್ನು ತಾನು ಬರೆಯಬೇಕು. ಈ ತಂತ್ರಕ್ಕೆ ಅವನೇ ತಲೆದೂಗಿದ. ಶುಕ್ರವಾರ ಅಂಗಡಿಗೆ ನುಗ್ಗಿ ಬರೆದೇಬಿಟ್ಟ: ಮಾರ್ಬರಿ ಗೆಲ್ಲುತ್ತದೆ.

ಅಂಗಡಿಯಲ್ಲಿ ಕತ್ತರಿ ನಿಂತಿತು.

"ಥರ್ಮನಣ್ಣ," ಅಂದ ಕ್ಲೋವಿಸ್ ಮೆಲ್ಲಗೆ, "ಮೈ ಹುಷಾರಿದೆಯಾ? ಗ್ಯಾಡಿ ಮನೆಯವ್ರು ನಮ್ಮ ಕಾಲೇಜಿನ ಎದುರು ಯಾವತ್ತಾದ್ರೂ ಬರೆದಿದ್ದುಂಟಾ?"

"ನಮ್ಮ ಹೊಸ ಕೋಚ್‌ನ ಕಾಲುಚೀಲ ನೋಡಿದ್ದೀಯಾ? ಹಸಿರು. ಮಾರ್ಬರಿಯವರ ಬಣ್ಣ. ಒಳಗೊಳಗೇ ಮಾರ್ಕೊಂಡಿದ್ದಾನೆ."

"ಕಾಲುಚೀಲಕ್ಕೆ ಕಾಲೇಜು ಮಾರೋಕಾಗುತ್ತಾ?"

"ನೀನ್ಯಾಕೆ ಇಷ್ಟು ಕೇಳ್ತಿದ್ದೀಯ?" ಎಂದು ಥರ್ಮನ್ ಅವನನ್ನು ಓರೆಗಣ್ಣಿನಿಂದ ನೋಡಿ ಹೊರಟ. ಶನಿವಾರ ಬೆಳಗಿನ ಹೊತ್ತಿಗೆ ಪಕ್ಕದಲ್ಲಿ ಚೀಟಿ ಬಂದಿತ್ತು: ನಮ್ಮವರು, ನಾಲ್ಕು ಅಂಕ.

ಅವತ್ತು ಮಧ್ಯಾಹ್ನ ಥರ್ಮನ್ ಎಂದಿನಂತೆ ಅಂಗಡಿಗೆ ಹೊರಟವನು ಗಾಡಿಯನ್ನು ಚರ್ಚಿನ ಹಿಂದೆ ನಿಲ್ಲಿಸಿ, ಬೇಲಿ ಬದಿಯಲ್ಲಿ ಬಗ್ಗಿಕೊಂಡು ಮನೆಗೆ ವಾಪಸಾದ. ಆ ಕಡೆಯ ಹಳೇ ಮನೆಗಳು ಇಟ್ಟಿಗೆ ಕಂಬಗಳ ಮೇಲೆ ನಿಂತಿರುತ್ತವೆ. ಮಣ್ಣಿಗೂ ನೆಲದ ಹಲಗೆಗೂ ನಡುವೆ ಒಂದೂವರೆ ಅಡಿ ಖಾಲಿ. ಕಳ್ಳನನ್ನು ಧ್ವನಿಯಿಂದಲೇ ಹಿಡಿಯೋಣವೆಂದು ಥರ್ಮನ್ ಹೊಟ್ಟೆಯ ಮೇಲೆ ತೆವಳಿಕೊಂಡು ಒಳಗೆ ಹೊಕ್ಕ. ಜೇಡರಬಲೆ ಬಾಯಿಗೆ ಬಂತು. ಸಹಿಸಿದ. ಸರಿಯಾಗಿ ಟಿವಿಯ ಕೆಳಗೆ ಬರುವಷ್ಟರಲ್ಲಿ, ಕಳೆದ ಬೇಸಿಗೆಯಲ್ಲಿ ಕೂಲಿಯವರನ್ನು ನಂಬದೆ ತಾನೇ ಜೋಡಿಸಿದ್ದ ನೀರಿನ ಪೈಪು ಅಡ್ಡ ಬಂತು. ಒಂದು ಗೇಣು ಜೋತುಬಿದ್ದಿತ್ತು. ತಲೆ ದಾಟಿತು, ಎದೆ ದಾಟಿತು, ಹೊಟ್ಟೆ ದಾಟಲಿಲ್ಲ. ಹಿಂದೆ ಸರಿಯೋಣವೆಂದರೆ ಷರಾಯಿಯ ಪಟ್ಟಿ ಪೈಪಿನ ಮೂಲೆಗೆ ಸಿಕ್ಕಿಕೊಂಡಿತು. ಗ್ಯಾಡಿ ವಂಶದ ಮೂರನೇ ತಲೆಮಾರು ಬಾಟಲಿಗೆ ಹೊಡೆದ ಬಿರಡೆಯಂತೆ ನಿಂತುಹೋಯಿತು.

ಮೇಲೆ ಟಿವಿ ಗಟ್ಟಿಯಾಗಿಯೇ ಕೂಗುತ್ತಿತ್ತು. ಮಾರ್ಬರಿ ಹದಿನೇಳು, ನಮ್ಮವರು ಸೊನ್ನೆ. ಕಿವಿ ನಿಮಿರಿಸಿದ. ಗಂಡಸಿನ ಧ್ವನಿ ಇಲ್ಲ. ವಿಲೋಡೀನಳ ಧ್ವನಿ ಮಾತ್ರ.

"ಎಡಕ್ಕೆ ಓಡೋ ಮುಠ್ಠಾಳ, ಎಡಕ್ಕೆ. ಬಲಗಡೆ ಗೋಡೆ ಕಟ್ಟಿದ್ದಾರೆ, ಕಣ್ಣಿಲ್ವಾ?"

ಎಡಕ್ಕೆ ಓಡಿದ ನಮ್ಮವನು ಗೆರೆ ದಾಟಿದ. ಏಳು, ಹದಿನೇಳು. ಥರ್ಮನ್ ಸಂತೋಷಕ್ಕೆ ತಲೆಯೆತ್ತಿ ಹಲಗೆಗೆ ಡಬ್ಬೆಂದು ಹೊಡೆಸಿಕೊಂಡ.

"ಯಾವನೋ ಅದು? ಮತ್ತೆ ಬಂತಾ ಮನೆಯಡಿ ಮಣ್ಣು ಬಗೆಯೋ ಆರ್ಮಡಿಲೊ?" ವಿಲೋಡೀನ್ ಪೊರಕೆಯ ಹಿಡಿಯಿಂದ ನೆಲಕ್ಕೆ ನಾಲ್ಕು ಗುದ್ದಿದಳು. ಧೂಳು ಉದುರಿ ಥರ್ಮನ್ ಸೀನಿದ. "ಸೀನು ಬೇರೆ ಬಂದಿದೆ ದೊರೆಗೆ," ಎಂದವಳು ಬೆಂಡೆಕಾಯಿ ತೊಳೆದ ವಿನಿಗರ್ ನೀರನ್ನು ಹಲಗೆಯ ಸಂದಿಯಿಂದ ಧಾರೆಯೆರೆದಳು. ಕತ್ತಿನ ಹಿಂದಿನಿಂದ ಸೊಂಟದವರೆಗೆ ನೆನೆದ ಥರ್ಮನ್ ಕೊನೆಗೆ ಬಾಯಿ ಬಿಟ್ಟ.

"ಸಾಕು ಮಾರಾಯ್ತಿ, ನಾನು!"

ಮೇಲೆ ಪೊರಕೆ ಬಿದ್ದ ಸದ್ದು. ಆಮೇಲೆ ಹಿತ್ತಿಲ ಬಾಗಿಲು, ಹೆಜ್ಜೆ. ವಿಲೋಡೀನ್ ಮಂಡಿಯೂರಿ ಬಗ್ಗಿ ಅವನ ಬೂಟುಗಳನ್ನು ನೋಡಿದಳು.

"ಅಲ್ಲೇನು ಮಾಡ್ತಿದ್ದೀಯ?"

"ಪೈಪ್ ನೋಡ್ತಿದ್ದೆ."

"ಶನಿವಾರ? ಮಾರ್ಬರಿ ಆಟದ ದಿನ? ನಿಮ್ಮಮ್ಮನ ಮಣ್ಣಿನ ದಿನಾನೂ ರೇಡಿಯೋ ಕಿವಿಗೆ ಇಟ್ಕೊಂಡಿದ್ದವ್ನು ನೀನು."

"ಅದಿರ್ಲಿ. ಚೀಟಿ ಬರೆಯೋ ಕಳ್ಳ ಯಾರು? ಮೊದಲು ಅದು ಹೇಳು."

"ನಾನೇ," ಅಂದಳು ವಿಲೋಡೀನ್, ಉಪ್ಪು ಸಾಕೇ ಎಂದು ಕೇಳುವಷ್ಟೇ ಸಲೀಸಾಗಿ. "ಕ್ಲೋವಿಸ್‌ಗೆ ಗೊತ್ತು, ಅವ್ನೇ ಸಿಕ್ಕಿಸೋದು."

"ನಿನಗೆ ಹೇಗೆ ಗೊತ್ತಾಗುತ್ತೆ ಯಾರು ಗೆಲ್ತಾರೆ ಅಂತ?"

"ನನಗೇನು ಗೊತ್ತು? ನೀನು ಸೋಮವಾರ ಊಟಕ್ಕೆ ಕೂತಾಗ ಹೇಳ್ತೀಯಲ್ಲ, ಅದು ಸರಿ ಇರುತ್ತೆ. ಆಮೇಲೆ ಅನುಮಾನ ಶುರು. ಅವ್ನ ನಗು ಸರಿ ಇಲ್ಲ, ಇವ್ನ ಕಾಲುಚೀಲ ಸರಿ ಇಲ್ಲ. ಶುಕ್ರವಾರದ ಹೊತ್ತಿಗೆ ಎಲ್ಲ ಕೆಡಿಸ್ಕೊಂಡು ಹೋಗಿ ಬರೀತೀಯ. ಒಳ್ಳೇ ಮಾತು ಸುಮ್ನೆ ದಂಡ ಆಗ್ತಿತ್ತು. ಅದಕ್ಕೆ ಸೋಮವಾರದ್ದನ್ನ ನಾನು ಬರೆದೆ. ಗೆಲ್ಲುತ್ತಾ ನೋಡೋಣ ಅಂತ ಟಿವಿ ಹಾಕಿದೆ. ಬರ್ತಾ ಬರ್ತಾ ಹುಚ್ಚು ಹಿಡೀತು."

ಥರ್ಮನ್ ಮಣ್ಣಿಗೆ ಗಲ್ಲವಿಟ್ಟ. ಇಷ್ಟು ದಿನ ತಾನು ಬೇಟೆಯಾಡಿದ್ದು ತನ್ನನ್ನೇ.

"ಬಾ, ಎಳೀತೀನಿ," ಎಂದು ಅವಳು ಎರಡು ಬೂಟು ಹಿಡಿದು ಜಗ್ಗಿದಳು. ಅವನು ಒಂದು ಗೇಣು ಹಿಂದಕ್ಕೆ ಬಂದ. ಅದೇ ಕ್ಷಣ ತೆರೆದ ಕಿಟಕಿಯಿಂದ ಟಿವಿ ಅರಚಿತು: ನಮ್ಮವನ ಕೈಯಿಂದ ಚೆಂಡು ಜಾರಿ ಮಾರ್ಬರಿಯವರ ಪಾಲಾಗಿತ್ತು.

ವಿಲೋಡೀನ್ ಜಗ್ಗುವುದನ್ನು ನಿಲ್ಲಿಸಿದಳು. ನಮ್ಮ ತಂಡಕ್ಕೆ ಅಂಕ ಬಂದಾಗ ಯಾರು ಹೇಗಿದ್ದರೋ ಹಾಗೇ ಇರಬೇಕು. ಅಲುಗಿದರೆ ಅದೃಷ್ಟ ಅಲುಗುತ್ತದೆ. ಇದು ಆ ಊರಿನಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತು. ಒಮ್ಮೆ ಅರ್ಧ ಗಡ್ಡ ಹೆರೆಸಿಕೊಂಡಿದ್ದಾಗ ಅಂಕ ಬಂತೆಂದು ಅಂಚೆಯವನು ನೊರೆ ಒಣಗುವವರೆಗೂ ಕುರ್ಚಿಯಲ್ಲೇ ಕೂತು ಆಟ ಗೆಲ್ಲಿಸಿದ್ದ.

"ಒಳಗೆ ತಳ್ಳು," ಅಂದ ಥರ್ಮನ್.

ಅವಳು ಬೂಟಿಗೆ ಭುಜ ಕೊಟ್ಟು ತಳ್ಳಿದಳು. ಹೊಟ್ಟೆ ಮತ್ತೆ ಪೈಪಿಗೆ ಕಚ್ಚಿಕೊಂಡಿತು. ಎರಡು ನಿಮಿಷದಲ್ಲಿ ಚೆಂಡು ವಾಪಸು ಬಂತು. ಇನ್ನೈದು ನಿಮಿಷಕ್ಕೆ ಹದಿನಾಲ್ಕು, ಹದಿನೇಳು. ಆಟ ಮುಗಿಯಲು ಎರಡೇ ನಿಮಿಷ ಉಳಿದಾಗ ಚೆಂಡು ನಮ್ಮವರದೇ, ಗೆರೆಗೆ ಮೂವತ್ತು ಗಜ ದೂರ. ಇನ್ನೊಂದು ಸಲ ದಾಟಿದರೆ ಇಪ್ಪತ್ತೊಂದು. ಸರಿಯಾಗಿ ನಾಲ್ಕು ಅಂಕ.

ವಿಲೋಡೀನ್ ಎದ್ದುಹೋಗಿ ಗರಗಸ ತಂದಳು. ಬಗ್ಗಿ, ತಗ್ಗಿದ ದನಿಯಲ್ಲಿ ಅಂದಳು: "ಕೇಳು ಥರ್ಮನ್. ನಮ್ಮವ್ರು ಗೆದ್ರೆ ಮೂರನೇ ಚೀಟಿ. ಸೀಮೆಸುಣ್ಣ ಹೋಯ್ತು. ನಿಮ್ಮಜ್ಜ, ನಿಮ್ಮಪ್ಪ ಹಿಡಿದಿದ್ದು. ನನಗದು ಬೇಕಾಗೇ ಇರಲಿಲ್ಲ. ಈ ಪೈಪ್ ಕೊಯ್ದು ನಿನ್ನ ಈಗಲೇ ಎಳೆದು ಹಾಕ್ತೀನಿ. ಆಟ ಏನಾಗುತ್ತೋ ಆಗ್ಲಿ. ಯಾರಿಗೂ ಹೇಳಲ್ಲ."

ವಿನಿಗರ್ ನೀರು ತೊಟ್ಟಿಕ್ಕುತ್ತಿತ್ತು. ಟಿವಿಯಲ್ಲಿ ಇಪ್ಪತ್ತು ಗಜ ಅಂದರು. ಆಮೇಲೆ ಹದಿನೈದು.

"ಗರಗಸ ಕೆಳಗಿಡು," ಅಂದ ಥರ್ಮನ್. "ನನ್ನ ಕಾಲು ಮುಟ್ಟಬೇಡ. ಕ್ಲೋವಿಸ್‌ಗೂ ಫೋನ್ ಮಾಡ್ಬೇಡ, ಯಾರನ್ನೂ ಕರೀಬೇಡ. ನಾನಿಲ್ಲಿ ಚೆನ್ನಾಗೇ ಇದ್ದೀನಿ. ನೀನು ಹೋಗಿ ಎಲ್ಲಿ ಕೂತಿದ್ದೆಯೋ ಅಲ್ಲೇ ಕೂತ್ಕೊ. ಹೋಗೇ, ಹೊತ್ತಾಗ್ತಿದೆ. ಎಡಕ್ಕೆ ಓಡೋಕೆ ಹೇಳು ಅವನಿಗೆ."